ಸೊನ್ನೆಯಿಂದಲೇ ಶುರುವಾಗಲಿ

ನಗದು ಪುಸ್ತಕದಲ್ಲಿ ದಿನದ ಮೊದಲ ಸಾಲು ಆರಂಭಿಕ ಶಿಲ್ಕು. ಅದು ತಪ್ಪಿದರೆ ಸಂಜೆಯವರೆಗಿನ ಲೆಕ್ಕವೆಲ್ಲ ತಪ್ಪು. ಕಾಮರ್ಸ್ ಓದುವ ನಮಗೆ ಇದು ಹೊಸದಲ್ಲ. ಎಲೆಕ್ಟ್ರಾನಿಕ್ ಯಂತ್ರಗಳಿಗೂ ಇದೇ ನಿಯಮ ಎಂದು ನನಗೆ ಕಲಿಸಿದ್ದು ಮೂಡಲಗಿಯ ನಮ್ಮ ಕಿರಾಣಿ ಅಂಗಡಿಯ ತಕ್ಕಡಿ.

ಅದರ ಬ್ಯಾಟರಿ ಹಳೆಯದಾಗಿ ಸತ್ತುಹೋಗಿತ್ತು. ಕಳೆದ ಮಳೆಗಾಲದಲ್ಲಿ ಕರೆಂಟ್ ಕ್ಷಣಮಾತ್ರ ಹೋಗಿ ಬಂದಾಗಲೆಲ್ಲ ತಕ್ಕಡಿಯ ತಲೆ ಕೆಡುತ್ತಿತ್ತು. ತಟ್ಟೆ ಖಾಲಿಯಿದ್ದರೂ ಒಮ್ಮೆ 40 ಗ್ರಾಂ ತೋರಿಸುವುದು, ಇನ್ನೊಮ್ಮೆ ಅಂಕಿಗಳು ಅಲುಗಾಡದೆ ನಿಲ್ಲುವುದು. ಸ್ವಿಚ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಸರಿ. ಗಿರಾಕಿಗಳು ನಮ್ಮ ಮುಖ ನೋಡತೊಡಗಿದರು. ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ಅಳತೆ-ತೂಕದಲ್ಲಿ ಮೋಸ ಮಾಡುವವರಿಗೆ ಎಚ್ಚರಿಕೆ ಕೊಟ್ಟು. ಮಷೀನಿನ ಮೇಲೆ ತಪ್ಪು ಹಾಕಿ ನಾವು ಪಾರಾಗಲಾರೆವು ಎಂದು ಅಬ್ಬಾ ಆ ತಕ್ಕಡಿಯನ್ನು ಎತ್ತಿಟ್ಟು, ಕಲ್ಲು ಹಾಕಿ ತೂಗುವ ಹಳೆಯ ತಕ್ಕಡಿ ತೆಗೆದರು.

ಹುಕ್ಕೇರಿಯ ನಮ್ಮ ಮಾಮೂ ಪರವಾನಗಿ ಪಡೆದ ತಕ್ಕಡಿ ರಿಪೇರಿಗಾರರು. ಮುಚ್ಚಳ ತೆರೆದು ನನಗೆ ವಿವರಿಸಿದರು. ಒಳಗಿದ್ದದ್ದು 8051 ಜಾತಿಯ ಚಿಪ್. ಅದಕ್ಕೆ 5 ವೋಲ್ಟ್ ಬೇಕು. ಕರೆಂಟ್ ಬಂದಾಗ ವೋಲ್ಟೇಜ್ ಸೊನ್ನೆಯಿಂದ ಏರುತ್ತ ಹೋಗುತ್ತದೆ. ಅರ್ಧ ದಾರಿಯಲ್ಲೇ ಚಿಪ್ ಕೆಲಸಕ್ಕಿಳಿದರೆ ಎಲ್ಲಿಂದ ಶುರು ಮಾಡಬೇಕೆಂಬುದೇ ಅದಕ್ಕೆ ತಿಳಿಯದು. ಹಾಗಾಗಿ ರೀಸೆಟ್ ಪಿನ್ ಮೂಲಕ ಸ್ವಲ್ಪ ಹೊತ್ತು ತಡೆದಿಡಬೇಕು. ಹಳೆಯ ಉಪಾಯವೆಂದರೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 8.2 ಕಿಲೋಓಮ್ ರೆಸಿಸ್ಟರ್. ಎರಡನ್ನೂ ಗುಣಿಸಿದರೆ 82 ಮಿಲಿಸೆಕೆಂಡ್. ಕೆಪಾಸಿಟರ್ ಸಾಕಷ್ಟು ತುಂಬುವವರೆಗೆ ಚಿಪ್ ಕಾಯುತ್ತದೆ. ಆದರೆ ಕರೆಂಟ್ ಕ್ಷಣದಲ್ಲೇ ಮರಳಿದರೆ ಕೆಪಾಸಿಟರ್ ಇನ್ನೂ ಖಾಲಿಯಾಗಿರುವುದಿಲ್ಲ. ಆಗ ರೀಸೆಟ್ ಆಗುವುದೇ ಇಲ್ಲ. ನಮ್ಮ ತಕ್ಕಡಿಯ ರೋಗ ಇದೇ.

ಮಾಮೂ ಅದರ ಬದಲು ಮ್ಯಾಕ್ಸ್ 810ಎಲ್ ಎಂಬ ಮೂರು ಕಾಲಿನ ಚಿಪ್ ಕೂಡಿಸಿದರು. ಇದು ವೋಲ್ಟೇಜನ್ನೇ ಕಾಯುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದ ಕೂಡಲೇ ತಡೆಯುತ್ತದೆ. ಮೇಲೇರಿದ ಬಳಿಕವೂ ಕನಿಷ್ಠ 140 ಮಿಲಿಸೆಕೆಂಡ್ ಕಾದು ನಂತರವೇ ಬಿಡುತ್ತದೆ. ಬ್ಯಾಟರಿಯನ್ನೂ ಬದಲಿಸಿದರು. ಸೀಲ್ ಒಡೆದದ್ದರಿಂದ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರೀಕ್ಷೆ, ಮುದ್ರೆ ಮತ್ತೆ ಆಗುವವರೆಗೂ ಅಬ್ಬಾ ಅದನ್ನು ಬಳಸಲಿಲ್ಲ.

ಗೆಳೆಯರೇ, ಗೋಕಾಕ ಸಂತೆಯಿರಲಿ, ನಿಮ್ಮೂರ ಅಂಗಡಿಯಿರಲಿ, ಸಾಮಾನು ಇಡುವ ಮೊದಲು ತಕ್ಕಡಿಯಲ್ಲಿ ಸೊನ್ನೆ ಇದೆಯೇ ನೋಡಿ. ನಾಳೆ ನಾವೇ ಗಲ್ಲೆಯ ಮೇಲೆ ಕೂತಾಗ, ಗಿರಾಕಿ ಕೇಳುವ ಮೊದಲೇ ಆ ಸೊನ್ನೆಯನ್ನು ತೋರಿಸೋಣ.