ಬಿಳಿಚಿದ ಹವಳ

ವೆನೆಜುವೆಲಾ ಕರಾವಳಿಯಾಚೆ, ಕೆರಿಬಿಯನ್ ಸಮುದ್ರದಲ್ಲಿ ಬೊನೇರ್ ಎಂಬ ಪುಟ್ಟ ದ್ವೀಪವಿದೆ. ರಸ್ತೆಯಂಚಿನಲ್ಲಿ ಹಳದಿ ಬಣ್ಣ ಬಳಿದ ಕಲ್ಲು ಕಂಡಲ್ಲಿ ದಡದಿಂದಲೇ ನೀರಿಗಿಳಿಯಬಹುದು, ದೋಣಿ ಬೇಕಿಲ್ಲ. ಹತ್ತು ಮೀಟರ್ ಆಳ ತಲುಪುವಷ್ಟರಲ್ಲಿ ನೀರು ಕೆಂಪು ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಕೆಂಪು ಸ್ಪಂಜಿನ ನಿಜ ಬಣ್ಣ ಹೊರಬೀಳುವುದು ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಾಗಲೇ. ಕಾಲು ಬಡಿದು ತಳದ ಮರಳು ಕದಡಿದಿರೋ, ಚಿತ್ರದ ತುಂಬ ಬಿಳಿ ಚುಕ್ಕಿ!

1979ರಿಂದ ಇಲ್ಲಿನ ಕಡಲು ರಕ್ಷಿತ ಉದ್ಯಾನ. ಹವಳ ಮುಟ್ಟುವ ಆಸೆ ಹುಟ್ಟದಿರಲೆಂದು ಕೈಗವಸಿಗೂ ನಿಷೇಧ. ಆದರೆ ಬಿಸಿಗೆ ಯಾವ ಬೇಲಿ? 2023ರಲ್ಲಿ ನೀರು ಕಾದು, ಹವಳದೊಳಗಿದ್ದು ಅದಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿ ಹೊರಬಿತ್ತು, ಹವಳ ಬಿಳಿಚಿಕೊಂಡಿತು. ಚಿತ್ರದಲ್ಲಿ ಅಂಥ ಹವಳ ಹಾಲಿನಂತೆ ಬೆಳ್ಳಗೆ, ಬಲು ಚೆಲುವು. ವಾಸ್ತವದಲ್ಲಿ ಅದು ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ತಡವಾದರೆ, ಅದೇ ಜಾಗದ ಮುಂದಿನ ಚಿತ್ರದಲ್ಲಿ ಲೋಳೆ ಪಾಚಿ ಹೊದ್ದ ಬರೀ ಕಲ್ಲು.