ಸಿಕ್ಸ್ ಟು ಫೋರ್ ಸುರಂಗ ಮುಚ್ಚಿದ ಬಗೆ

ಅಂತರ್ಜಾಲದ ಹಳೆಯ ವಿಳಾಸಪದ್ಧತಿಯಾದ ಐಪಿವಿ4ರಲ್ಲಿ ಸುಮಾರು 430 ಕೋಟಿ ವಿಳಾಸಗಳಿಗಷ್ಟೇ ಎಡೆಯಿದ್ದುದರಿಂದ 128 ಬಿಟ್‌ಗಳ ಐಪಿವಿ6 ರೂಪುಗೊಂಡಿತಾದರೂ, ಇವೆರಡೂ ಒಂದರೊಡನೊಂದು ನೇರವಾಗಿ ವ್ಯವಹರಿಸಲಾರವು. 2001ರ ಹೊತ್ತಿಗೆ ಸೇವಾದಾತರ ಜಾಲಗಳು ಬಹುಪಾಲು ಹಳೆಯದನ್ನೇ ನೆಚ್ಚಿಕೊಂಡಿದ್ದವು. ಆ ಕಾಲದ ಜಾಲನಿರ್ವಾಹಕರ ಕೈಗೆ ಸಿಕ್ಕ ಉಪಾಯವೆಂದರೆ ಟನಲಿಂಗ್, ಅಂದರೆ ಒಂದು ಲಕೋಟೆಯನ್ನು ಮತ್ತೊಂದರೊಳಗಿಟ್ಟು ಅಂಚೆಗೆ ಹಾಕಿದಂತೆ, ಐಪಿವಿ6 ಪ್ಯಾಕೆಟ್ಟನ್ನು ಐಪಿವಿ4 ಪ್ಯಾಕೆಟ್ಟಿನೊಳಗೆ ತುಂಬಿ ಸಾಗಿಸುವ ವಿಧಾನ.

ಇಂಥ ಸುರಂಗ ವಿಧಾನಗಳಲ್ಲಿ ಬ್ರಯಾನ್ ಕಾರ್ಪೆಂಟರ್ ಮತ್ತು ಕೀತ್ ಮೂರ್ 2001ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 3056 ಎಂಬ ದಾಖಲೆಯಲ್ಲಿ ಮುಂದಿಟ್ಟ 'ಸಿಕ್ಸ್ ಟು ಫೋರ್' ಅತ್ಯಂತ ಜಾಣತನದ್ದು. ನೋಂದಣಿ ಬೇಡ, ಯಾರ ಅಪ್ಪಣೆಯೂ ಬೇಡ, 192.0.2.1 ಎಂಬ ಹಳೆಯ ವಿಳಾಸವನ್ನು ಹದಿನಾರರ ಎಣಿಕೆಗೆ ತಿರುಗಿಸಿ ಮುಂದೆ 2002 ಹಚ್ಚಿದರೆ 2002:ಸಿ000:0201 ಎಂಬ ಹೊಸ ವಿಳಾಸದ ಪೂರ್ವಭಾಗ ಸಿದ್ಧ. ಅದೇ ವರ್ಷದ ಜೂನ್‌ನಲ್ಲಿ ಕ್ರಿಸ್ಟಿಯನ್ ಹ್ಯುಟೆಮಾ, ಎರಡು ಜಾಲಗಳನ್ನು ಬೆಸೆಯುವ ರಿಲೇಗಳೆಲ್ಲಕ್ಕೂ 192.88.99.1 ಎಂಬ ಒಂದೇ ವಿಳಾಸವನ್ನು ಸೂಚಿಸಿದರು. ಒಂದೇ ವಿಳಾಸವನ್ನು ಹಲವು ಯಂತ್ರಗಳು ಸಾರಿ, ದಾರಿ ಹತ್ತಿರವಾದದ್ದು ಪ್ಯಾಕೆಟ್ಟನ್ನು ಪಡೆಯುವ ಈ ಏರ್ಪಾಡಿಗೆ ಎನಿಕಾಸ್ಟ್ ಎಂದು ಹೆಸರು.

ತೊಡಕಿದ್ದುದು ಮರುದಾರಿಯಲ್ಲಿ. ಹೋಗುವಾಗ ಒಂದು ರಿಲೇ, ಬರುವಾಗ ಇನ್ನಾರದೋ ರಿಲೇ; ಎರಡನ್ನೂ ಯಾರೋ ಪುಕ್ಕಟೆಯಾಗಿ ನಡೆಸುತ್ತಿದ್ದರೇ ಹೊರತು ಬಳಕೆದಾರನಿಗೆ ಉತ್ತರಿಸಬೇಕಾದವರು ಒಬ್ಬರೂ ಇರಲಿಲ್ಲ. ಇದರ ಮೇಲೆ, ಸುರಂಗದ ಪ್ಯಾಕೆಟ್ಟುಗಳು ಹೊತ್ತ 41ನೆಯ ಪ್ರೊಟೊಕಾಲ್ ಸಂಖ್ಯೆಯನ್ನು ಗುರುತಿಸದ ಫೈರ್‌ವಾಲ್‌ಗಳು ಅವನ್ನು ಸದ್ದಿಲ್ಲದೆ ಬಿಸಾಡುತ್ತಿದ್ದವು. ಮನೆಯ ರೂಟರಿನಲ್ಲಿ ಈ ಸೌಲಭ್ಯ ತಾನಾಗಿಯೇ ಚಾಲೂ ಆಗಿದ್ದುದನ್ನು ಅರಿಯದ ಗ್ರಾಹಕ, ಬ್ರೌಸರ್ ಹೊಸ ದಾರಿಯಲ್ಲಿ ಸೋತು ಹಳೆಯದಕ್ಕೆ ಮರಳುವವರೆಗೆ ಕೆಲವೊಮ್ಮೆ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಕಾಲ ಖಾಲಿ ಪುಟ ನೋಡುತ್ತ ಕೂರಬೇಕಿತ್ತು. ಇಂಥ ಗ್ರಾಹಕರನ್ನು ಕಳೆದುಕೊಳ್ಳುವ ಭಯಕ್ಕೆ ಜಾಲತಾಣಗಳವರು ಐಪಿವಿ6ನ್ನೇ ಮುಂದೂಡಿದರು. ಹೊಸ ಪದ್ಧತಿಗೆ ದಾರಿ ಮಾಡಲೆಂದು ಬಂದದ್ದೇ ಅದಕ್ಕೆ ಅಡ್ಡಗಾಲಾಯಿತು.

ದೋಷ ಸುರಂಗದ ತತ್ತ್ವದಲ್ಲಿರಲಿಲ್ಲ. ಫ್ರಾನ್ಸಿನ ಫ್ರೀ ಎಂಬ ಸೇವಾದಾತ ಸಂಸ್ಥೆ 2007ರ ಕೊನೆಯಲ್ಲಿ, ರೆಮಿ ದೆಪ್ರೆ ಅವರ ಸಲಹೆಯಂತೆ, ಇದೇ ತಂತ್ರವನ್ನು ತನ್ನದೇ ವಿಳಾಸ ಮತ್ತು ತನ್ನದೇ ರಿಲೇಗಳೊಡನೆ ಅಳವಡಿಸಿ ಐದೇ ವಾರಗಳಲ್ಲಿ ಗ್ರಾಹಕರಿಗೆ ಐಪಿವಿ6 ಒದಗಿಸಿತು. ಅಲ್ಲಿ ಹೊಣೆ ಹೊರುವವರಿದ್ದರು.

ಸಿಕ್ಸ್ ಟು ಫೋರನ್ನು ಪೂರ್ತಿ ಚರಿತ್ರೆಗೆ ಸೇರಿಸುವ ಪ್ರಸ್ತಾಪ 2011ರಲ್ಲಿ ಮಾನಕ ರೂಪಿಸುವ ಐಇಟಿಎಫ್‌ನಲ್ಲಿ ಬಂದಾಗ ಒಮ್ಮತ ಮೂಡದೆ, ಬಳಕೆಯ ಎಚ್ಚರಿಕೆಗಳಷ್ಟೇ ಪ್ರಕಟವಾದವು. 2015ರ ಮೇ ತಿಂಗಳ ಆರ್‌ಎಫ್‌ಸಿ 7526 ಕೊನೆಗೂ ಎನಿಕಾಸ್ಟ್ ರಿಲೇಗಳನ್ನು ಬಳಕೆಯಿಂದ ಕೈಬಿಡಲು ಹೇಳಿತು. ಅದರ ಕರ್ತೃಗಳಲ್ಲೊಬ್ಬರು ಅದೇ ಕಾರ್ಪೆಂಟರ್. ಮೂಲ ವಿಧಾನವನ್ನು ಅದು ನಿಷೇಧಿಸಲಿಲ್ಲ, ತಾನಾಗಿ ಚಾಲೂ ಆಗಕೂಡದೆಂದಷ್ಟೇ ವಿಧಿಸಿತು. ಸ್ವಯಂಸೇವಕರ ಸಿಕ್ಸ್‌ಎಕ್ಸ್‌ಎಸ್ ಟನಲ್ ಸೇವೆಯೂ 2017ರ ಜೂನ್ 6ರಂದು ನಿಂತಿತು. ಸೇವಾದಾತರು ತಮ್ಮ ಕೆಲಸ ಮಾಡದೆ ಗ್ರಾಹಕರನ್ನು ಈ ಸೇವೆಯತ್ತ ಕಳಿಸುತ್ತಿದ್ದಾರೆಂಬುದು ಅದನ್ನು ನಡೆಸುತ್ತಿದ್ದವರ ದೂರಾಗಿತ್ತು.