ಬಿಸಿಲ ಕರಾವಳಿಯಲ್ಲಿ ಒಂದು ಮನೆ

ಹಾಲೆಂಡ್ ದೇಶದಲ್ಲಿ ಹಿರಿಯರು ಮಕ್ಕಳಿಗೆ ಹೇಳುವ ಒಂದು ಕಥೆಯುಂಟು. ಸಂತ ನಿಕೊಲಾಸನೆಂಬ ಬಿಳಿಗಡ್ಡದ ಮುದುಕನು ವರ್ಷವೆಲ್ಲ ಸ್ಪೇನ್ ದೇಶದಲ್ಲಿ ವಾಸವಾಗಿದ್ದು, ನವೆಂಬರು ತಿಂಗಳಲ್ಲಿ ಹೊಗೆಹಡಗನ್ನೇರಿ ಬಂದು, ಡಿಸೆಂಬರು 5ನೆಯ ತಾರೀಖಿನ ರಾತ್ರಿ ಒಳ್ಳೆಯ ಮಕ್ಕಳಿಗೆ ಉಡುಗೊರೆಗಳನ್ನು ಹಂಚಿ ಹಿಂದಿರುಗುವನಂತೆ. ಇದೇ ಸ್ಪೇನಿನ ಅರಸರೊಡನೆ ಇವರ ಪೂರ್ವಿಕರು 1568 ರಿಂದ 1648 ರವರೆಗೆ ಕಾದಾಡಿದ್ದರೆಂಬುದು ಕಥೆಗೆ ನೆನಪಿಲ್ಲ. ಈ ಕಥೆ ಕೇಳಿ ಬೆಳೆದ ಮಕ್ಕಳು ಮುದುಕರಾದ ಮೇಲೆ, ಸಂತನು ಬರುವವರೆಗೆ ಕಾಯಲೊಲ್ಲದೆ, ತಾವೇ ಅವನ ದೇಶಕ್ಕೆ ಹೊರಡುವುದು ಈಗಿನ ರೂಢಿಯಾಗಿದೆ.

ನಮ್ಮ ಮಗಳು ಐಂಡ್‌ಹೋವನ್ ಪಟ್ಟಣದಲ್ಲಿ ಉದ್ಯೋಗಸ್ಥಳು. 2024ನೆಯ ಇಸವಿಯ ಚಳಿಗಾಲದಲ್ಲಿ ನಾನೂ ನಮ್ಮ ಮನೆಯವರೂ ಅವಳಲ್ಲಿಗೆ ಹೋಗಿದ್ದಾಗ ನೆರೆಮನೆಯ ವೃದ್ಧ ದಂಪತಿಗಳ ಪರಿಚಯವಾಯಿತು. ಯಜಮಾನರಿಗೆ ಸಂಧಿವಾತ. ನಲವತ್ತು ವರ್ಷ ಬಾಳಿದ ಮನೆಯನ್ನು ಮಾರಿ, ಬಂದ ಹಣದಲ್ಲಿ ಸ್ಪೇನಿನ ಕೋಸ್ಟಾ ಬ್ಲಾಂಕಾ, ಎಂದರೆ ಬಿಳಿಯ ಕರಾವಳಿಯಲ್ಲಿ, ಒಂದು ಮನೆಯನ್ನು ಕೊಳ್ಳಬೇಕೆಂದು ಅವರು ನಿಶ್ಚಯಿಸಿದ್ದರು. ಅವರಿಗಿದ್ದ ಆಸ್ತಿಯೆಲ್ಲ ಅದೊಂದೇ. ನಾನು ಧಾರವಾಡದ ಕಡೆಯ ನೋಂದಣಿ ಕಚೇರಿಗಳಲ್ಲಿ ಮೂವತ್ತೊಂದು ವರ್ಷ ಕಾಗದಪತ್ರಗಳ ಧೂಳು ಕುಡಿದವನೆಂದು ಮಗಳು ಹೇಳಿಬಿಟ್ಟಿದ್ದಳು. “ಮನೆ ನೋಡಲು ಹೋಗುತ್ತೇವೆ, ನೀವೂ ಬನ್ನಿರಿ” ಎಂದು ಆ ತಾಯಿ ಕರೆದರು. ನನಗೂ ಚಳಿ ಸಾಕಾಗಿತ್ತು.

ಅವರ ಆಸೆಯಲ್ಲಿ ತಪ್ಪಿರಲಿಲ್ಲ. ಹಾಲೆಂಡಿನಲ್ಲಿ ವರ್ಷಕ್ಕೆ ಸೂರ್ಯನು ಮುಖ ತೋರಿಸುವುದು ಸುಮಾರು 1,700 ಗಂಟೆ. ಅಲಿಕಾಂಟೆಯ ಸುತ್ತಿನಲ್ಲಾದರೋ 2,800 ಗಂಟೆಗೂ ಮೇಲೆ. ಎರಡೂವರೆ ಗಂಟೆಯ ವಿಮಾನಯಾನದಲ್ಲಿ ನಾವು ಬೂದುಬಣ್ಣದ ಲೋಕದಿಂದ ನೀಲಿಯ ಲೋಕಕ್ಕೆ ಇಳಿದೆವು. ಅಲ್ಲಿಂದ ಮೋಟಾರಿನಲ್ಲಿ ಉತ್ತರಕ್ಕೆ ಹೊರಟರೆ ಮೊದಲು ಕಾಣುವುದು ಬೆನಿಡಾರ್ಮ್. 1956ರಲ್ಲಿ ನಗರಯೋಜನೆ ಸಿದ್ಧವಾಗುವ ಮುಂಚೆ ಅದು ಮೀನುಗಾರರ ಹಳ್ಳಿ. ಈಗ ಗಗನಚುಂಬಿಗಳ ಕಾಡು. ಮುಂದೆ ಕಾಲ್ಪೆ ಎಂಬಲ್ಲಿ 332 ಮೀಟರು ಎತ್ತರದ ಒಂಟಿ ಬಂಡೆಯೊಂದು ಸಮುದ್ರದಿಂದಲೇ ಎದ್ದು ನಿಂತಿದೆ. ಒಳನಾಡಿನ ಕಣಿವೆಗಳಲ್ಲಿ ಬಾದಾಮಿಯ ಗಿಡಗಳು ಎಲೆಯಿಲ್ಲದೆ ಬರಿಯ ಹೂವಾಗಿ ನಿಂತಿದ್ದವು. ಫೆಬ್ರವರಿಯಲ್ಲಿ ಇಂತಹ ನೋಟ ಕಂಡ ಡಚ್ಚರವನು ಮನೆಯ ಬೆಲೆ ಕೇಳದೆ ಹೇಗಿದ್ದಾನು?

ನಾವು ತಂಗಿದ್ದು ಹಾವೆಯಾ ಎಂಬ ಊರಿನಲ್ಲಿ. ಆ ಪ್ರಾಂತ್ಯದ ವಲೆನ್ಸಿಯಾ ಭಾಷೆಯಲ್ಲಿ ಅದು ಶಾಬಿಯಾ. ಹಲಗೆಗಳ ಮೇಲೆ ಎರಡು ಹೆಸರನ್ನೂ ಬರೆದಿರುತ್ತಾರೆ. ಊರಿನ ಹಿಂದೆ 753 ಮೀಟರಿನ ಮೊಂಟ್ಗೊ ಬೆಟ್ಟವು ಮಲಗಿದ ಆನೆಯಂತೆ ಕಾಣುವುದು. ಹಳೆಯ ಊರು ಕಡಲಿಗೆ ತುಸು ದೂರ, ಕಡಲ್ಗಳ್ಳರ ಭಯದಿಂದ. ಅದರ ನಡುವಿನ ಸಂತ ಬಾರ್ತೊಲೊಮೆಯ ಇಗರ್ಜಿಯು ಅರ್ಧ ದೇವಾಲಯ, ಅರ್ಧ ಕೋಟೆ. ಅದನ್ನು ಕಟ್ಟಿದ್ದು ತೊಸ್ಕಾ ಎಂಬ ಹೊನ್ನಬಣ್ಣದ ಸ್ಥಳೀಯ ಕಲ್ಲಿನಿಂದ. ಹೊಲಗಳಲ್ಲಿ ಅಲ್ಲಲ್ಲಿ ಕಮಾನುಗಳುಳ್ಳ ಉದ್ದನೆಯ ಪಡಸಾಲೆಗಳು ಕಾಣುವುವು; ಇವಕ್ಕೆ ರಿಯುರಾವು ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಒಣದ್ರಾಕ್ಷಿಯು ಸಮೀಪದ ದೇನಿಯಾ ಬಂದರದಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ದ್ರಾಕ್ಷಿ ಒಣಗುತ್ತಿರುವಾಗ ಮಳೆ ಬಂದರೆ ಹಾಸಿದ್ದನ್ನು ಈ ಪಡಸಾಲೆಯೊಳಗೆ ಎಳೆದುಕೊಳ್ಳುತ್ತಿದ್ದರಂತೆ. ಬಳ್ಳಿಗೆ ಫಿಲೊಕ್ಸೆರಾ ಎಂಬ ಹುಳುವಿನ ರೋಗ ತಗಲಿದ ಮೇಲೆ ಆ ವ್ಯಾಪಾರ ಅಳಿಯಿತು. ಒಂದು ಕಾಲಕ್ಕೆ ಬಿಸಿಲಿನಲ್ಲಿ ದ್ರಾಕ್ಷಿ ಒಣಗಿಸಿ ಮಾರಿದವರ ಮೊಮ್ಮಕ್ಕಳು ಈಗ ಬಿಸಿಲನ್ನೇ ಮಾರುತ್ತಿದ್ದಾರೆ ಎಂದು ನನಗೆ ತೋರಿತು.

ಕೊಳ್ಳುವವರಿಗೂ ಕೊರತೆಯಿಲ್ಲ. ಊರ ನಿವಾಸಿಗಳಲ್ಲಿ ಬಹು ದೊಡ್ಡ ಪಾಲು ಪರದೇಶದವರು. ಡಚ್ಚರಿಗೆ ಡಚ್ ಮಾತಾಡುವ ದಂತವೈದ್ಯ, ಡಚ್ ಕ್ಷೌರಿಕ, ಡಚ್ ಕಾಫಿಯಂಗಡಿ, ಎಲ್ಲವೂ ಉಂಟು.

ದಲ್ಲಾಳಿಯು ನಮಗೆ ಮೂರು ಮನೆಗಳನ್ನು ತೋರಿಸಿದನು. ಮೂರನೆಯದು ಬೆಟ್ಟದ ಇಳಿಜಾರಿನಲ್ಲಿ, ಬಾದಾಮಿ ತೋಟದ ನಡುವೆ. ಬಿಳಿಯ ಗೋಡೆ, ಈಜುಕೊಳ, ಜಗುಲಿಯಿಂದ ಸಮುದ್ರ. ಬೆಲೆ 3,40,000 ಯೂರೋ. ಯಜಮಾನರು ಜಗುಲಿಯ ಕುರ್ಚಿಯಲ್ಲಿ ಕುಳಿತು ಮೊಣಕಾಲನ್ನು ಬಿಸಿಲಿಗೆ ಚಾಚಿದರು. ಆ ತಾಯಿಯ ಕಣ್ಣು ತುಂಬಿಬಂದಿತು. ದಲ್ಲಾಳಿಯು ಸಮಯ ಬಲ್ಲವನು. “ನಾಳೆ ಬೆಳಿಗ್ಗೆ ಬೆಲ್ಜಿಯಮಿನವರೊಬ್ಬರು ನೋಡಲು ಬರುತ್ತಾರೆ. ಈ ಸಂಜೆ 6,000 ಯೂರೋ ಕಟ್ಟಿ ಸಹಿ ಮಾಡಿದರೆ ಮನೆ ನಿಮ್ಮದು” ಎಂದನು.

ನಮ್ಮ ಕಡೆ ಇಂತಹ ಮುಂಗಡಕ್ಕೆ ಸಂಚಕಾರವೆನ್ನುತ್ತೇವೆ. ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಇರುವುದು ವಾಚಕರಿಗೆ ತಿಳಿದದ್ದೇ. ಮಗಳ ಮೂಲಕ ನಾನು ಆ ತಾಯಿಯನ್ನು ಕೇಳಿದೆನು: “ಉತಾರ ನೋಡಿದಿರಾ?” ಅವರು ನಕ್ಕರು. “ಸಹಿ ಮಾಡಿದ ಮೇಲೂ ಮೂರು ದಿನದ ಅವಕಾಶವಿದೆಯಲ್ಲ? ಬೇಡವೆನಿಸಿದರೆ ಬಿಟ್ಟರಾಯಿತು.” ಹಾಲೆಂಡಿನ ಕಾಯಿದೆ ಹಾಗಿರುವುದು ನಿಜ, ವಾಸದ ಮನೆ ಕೊಂಡವನು ಮೂರು ದಿನದೊಳಗೆ ಕಾರಣ ಹೇಳದೆ ಹಿಂದೆಗೆಯಬಹುದು. ಸ್ಪೇನಿನಲ್ಲಿಯೂ ಹಾಗೆಯೇ ಇರಬೇಕೆಂದು ಅವರು ಭಾವಿಸಿದ್ದರು. ನನಗೆ ಅಲ್ಲಿಯ ಕಾಯಿದೆ ಏನು ಗೊತ್ತು? ಆದರೆ ಅವಸರಪಡಿಸುವ ದಲ್ಲಾಳಿಯ ಮುಖ ಎಲ್ಲ ದೇಶದಲ್ಲಿಯೂ ಒಂದೇ. ಒಂದು ರಾತ್ರಿ ತಡೆಯಿರೆಂದು ಬೇಡಿಕೊಂಡೆನು. ಯಜಮಾನರಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟು ಬಂದಿತೆಂದು ತೋರುತ್ತದೆ; ಊಟದ ಹೊತ್ತಿನಲ್ಲಿ ಮಾತೇ ಆಡಲಿಲ್ಲ.

ಆ ದೇಶದಲ್ಲಿಯೂ ನೋಂದಣಿ ಕಚೇರಿಯುಂಟು. ಅಲ್ಲಿಂದ ನೋಟಾ ಸಿಂಪ್ಲೆ ಎಂಬ ಒಂದು ಕಾಗದವನ್ನು ಸುಮಾರು ಹತ್ತು ಯೂರೋ ಕೊಟ್ಟು ಮನೆಯಿಂದಲೇ ತರಿಸಿಕೊಳ್ಳಬಹುದು. ಒಡೆಯರಾರು, ಚಕ್ಕುಬಂದಿಯೇನು, ಅಡವು ಜಪ್ತಿಗಳ ಬೋಜಾ ಏನಾದರೂ ಇದೆಯೆ ಎಂಬುದೆಲ್ಲ ಅದರಲ್ಲಿರುತ್ತದೆ. ಇದಲ್ಲದೆ ಕತಾಸ್ತ್ರೊ ಎಂಬ ಬೇರೆ ದಫ್ತರವೂ ಇದೆ. ಅದು ಕಂದಾಯಕ್ಕಾಗಿ ಇಟ್ಟದ್ದು, ನಕ್ಷೆಸಹಿತ. ಎರಡು ದಫ್ತರಗಳೂ ಒಂದನ್ನೊಂದು ಹೋಲಬೇಕೆಂಬ ನಿಯಮವೇನಿಲ್ಲವೆಂದು ಕೇಳಿ ನನಗೆ ಊರ ನೆನಪಾಯಿತು. ದಲ್ಲಾಳಿ ಕೊಟ್ಟಿದ್ದ ಕಂದಾಯದ ರಸೀದಿಯ ಮೇಲಿನ ಸಂಖ್ಯೆಯನ್ನು ಹಿಡಿದು ಮಗಳು ಅಂದೇ ಅರ್ಜಿ ಹಾಕಿದಳು. ಮರುದಿನ ಬೆಳಿಗ್ಗೆ ಕಾಗದ ಬಂದಿತು.

ಅದರ ಪ್ರಕಾರ ಆ ಜಾಗದಲ್ಲಿದ್ದುದು 96 ಚದರ ಮೀಟರಿನ ಒಂದು ಹೊಲದ ಮನೆ. ನಾವು ಕಂಡದ್ದು ಅದರ ಎರಡರಷ್ಟು. ಈಜುಕೊಳದ ಸುದ್ದಿಯೇ ಇಲ್ಲ. ಭೂಮಿಯ ವರ್ಗದ ಮುಂದೆ ರುಸ್ತಿಕಾ ಎಂದಿತ್ತು, ಅಂದರೆ ಹೊಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಿನ್‌ಶೇತ್ಕಿ ಆಗಿರಲಿಲ್ಲ. ವಲೆನ್ಸಿಯಾ ಪ್ರಾಂತ್ಯಾಡಳಿತದ 1992ರ ಕಾಯಿದೆಯಿಂದೀಚೆಗೆ ಇಂತಹ ಭೂಮಿಯಲ್ಲಿ ಹೊಸ ಮನೆ ಕಟ್ಟಲು ಸಾಮಾನ್ಯವಾಗಿ 10,000 ಚದರ ಮೀಟರು ಬೇಕು; ಇದ್ದುದು ಅದರ ಕಾಲುಭಾಗ.

ಆ ತಾಯಿ ಕಾಗದವನ್ನು ಎರಡು ಸಲ ಓದಿದರು. ಅಷ್ಟರಲ್ಲಿ ದಲ್ಲಾಳಿ ಮೂರು ಬಾರಿ ಫೋನು ಮಾಡಿದ್ದನು. ನಾವು ಅವನ ಬಳಿಗೆ ಹೋಗದೆ ಒಬ್ಬ ವಕೀಲರ ಬಳಿಗೆ ಹೋದೆವು. ಮಾರುವವನಿಗಾಗಲಿ ದಲ್ಲಾಳಿಗಾಗಲಿ ಸಂಬಂಧಪಡದ ವಕೀಲರೇ ಇರಬೇಕೆಂಬ ನನ್ನ ಹಟವು ಫಲಿಸಿತು. ಅವರು ಸಾವಧಾನದಿಂದ ವಿವರಿಸಿದರು. ಸ್ಪೇನಿನಲ್ಲಿ ಆ ಮೂರು ದಿನದ ಅವಕಾಶವಿಲ್ಲ. ಕರಾರಿನ ಹಂತದಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಷ್ಟು ಸಂಚಕಾರ ಕೊಡುತ್ತಾರೆ. ಕೊಳ್ಳುವವನು ಹಿಂದೆಗೆದರೆ ಅದು ಹೋಯಿತು, ಮಾರುವವನು ಹಿಂದೆಗೆದರೆ ಇಮ್ಮಡಿ ಹಿಂದಿರುಗಿಸಬೇಕು. ಖರೀದಿಪತ್ರವು ನೋಟರಿಯ ಮುಂದೆಯೇ ಆಗುತ್ತದೆ, ಆತನು ಸರಕಾರದ ಮಾನ್ಯತೆಯುಳ್ಳವನೂ ಹೌದು. ಆದರೆ ಕಟ್ಟಡವು ಊರಿನ ಯೋಜನೆಗೆ ಸರಿಯಾಗಿದೆಯೇ ಎಂದು ಶೋಧಿಸುವುದು ಅವನ ಕೆಲಸವಲ್ಲ. ಅದಕ್ಕೆ ಪುರಸಭೆಗೆ ಹೋಗಬೇಕು.

ಪುರಸಭೆಯ ಅನುಮತಿಯೂ ಎಲ್ಲ ಕಾಲಕ್ಕೆ ಕವಚವಲ್ಲವೆಂದು ಅವರು ಸೇರಿಸಿದರು. 2008ರ ಜನವರಿಯಲ್ಲಿ, ದಕ್ಷಿಣದ ಅಲ್ಮೇರಿಯಾ ಪ್ರಾಂತ್ಯದ ವೇರಾ ಎಂಬಲ್ಲಿ, ಪುರಸಭೆಯ ಪರವಾನಗಿ ಪಡೆದು ಕಟ್ಟಿದ್ದ ಒಬ್ಬ ಬ್ರಿಟಿಷ್ ದಂಪತಿಗಳ ಮನೆಯನ್ನು ಮೇಲಧಿಕಾರಿಗಳು ಆ ಪರವಾನಗಿ ಸಲ್ಲದೆಂದು ಕೆಡವಿಸಿದರು. ಇದನ್ನು ಕೇಳಿದಾಗ ಯಜಮಾನರು ಹೆಂಡತಿಯ ಕೈ ಹಿಡಿದುಕೊಂಡರು.

ಉಳಿದದ್ದು ಲೆಕ್ಕದ ಮಾತು. ಹಳೆಯ ಮನೆ ಕೊಂಡರೆ ಆಗ ಅಲ್ಲಿ ನೂರಕ್ಕೆ 10 ವರ್ಗಾವಣೆ ತೆರಿಗೆ. ತಮ್ಮ ದೇಶದಲ್ಲಿ ವಾಸದ ಮನೆಗೆ 2 ಮಾತ್ರ ಕೊಟ್ಟು ಗೊತ್ತಿದ್ದ ದಂಪತಿಗಳು ಅಷ್ಟನ್ನೇ ತೆಗೆದಿಟ್ಟಿದ್ದರು. ನೋಟರಿ, ನೋಂದಣಿ, ವಕೀಲರ ವೆಚ್ಚ ಬೇರೆ. ಸಮುಚ್ಚಯದಲ್ಲಿ ಕೊಂಡರೆ ಹಿಂದಿನ ಒಡೆಯನು ಉಳಿಸಿದ ನಿರ್ವಹಣಾ ಬಾಕಿಯಲ್ಲಿ ಆ ವರ್ಷದ್ದೂ ಹಿಂದಿನ ಮೂರು ವರ್ಷದ್ದೂ ಮನೆಗೇ ಅಂಟಿಕೊಂಡು ಬರುತ್ತದೆ. ಸಮುದ್ರಕ್ಕೆ ತೀರ ಹತ್ತಿರದ ಮನೆಯಾದರೆ 1988ರ ಕರಾವಳಿ ಕಾಯಿದೆಯನ್ನು ನೋಡಬೇಕು. ದಂಡೆಯು ಸಾರ್ವಜನಿಕರದೆಂದು ಅದು ಸಾರಿರುವುದರಿಂದ ಆ ಗಡಿಯೊಳಗೆ ಸಿಕ್ಕಿದವನಿಗೆ ಒಡೆತನ ಹೋಗಿ ಕೆಲವು ವರ್ಷದ ಅನುಭೋಗವಷ್ಟೇ ಉಳಿಯುವುದು.

ಆದರೆ ಆ ತಾಯಿಯ ಮನಸ್ಸನ್ನು ತಿರುಗಿಸಿದ್ದು ಈ ಕಾಯಿದೆಗಳಲ್ಲವೆಂದು ನನ್ನ ಊಹೆ. ಅಂದು ಸಂಜೆ ಕಾಫಿಯಂಗಡಿಯಲ್ಲಿ ಅವರ ದೇಶದವಳೇ ಆದ ಒಬ್ಬ ವಿಧವೆ ಸಿಕ್ಕಿದಳು. ಹದಿನಾರು ವರ್ಷ ಬೆಟ್ಟದ ಮೇಲಿನ ಮನೆಯಲ್ಲಿ ಇದ್ದವಳು. ಗಂಡನಿದ್ದಾಗ ಅವನು ಮೋಟಾರು ನಡೆಸುತ್ತಿದ್ದನು. ಈಗ ರೊಟ್ಟಿಗೂ ಔಷಧಿಗೂ ಯಾರನ್ನಾದರೂ ಕಾಯಬೇಕು. “ಆಸ್ಪತ್ರೆಯಲ್ಲಿ ರಾತ್ರಿ ನೋವೆಂದು ಹೇಳಲು ನನಗೆ ಸ್ಪ್ಯಾನಿಷ್ ಬರಲಿಲ್ಲ” ಎಂದಳು. ಮನೆ ಮಾರಾಟಕ್ಕಿಟ್ಟು ಎರಡು ವರ್ಷವಾಗಿತ್ತು. ಅದರ ಕೆಳಮನೆಯೂ ದಫ್ತರದಲ್ಲಿ ಇರಲಿಲ್ಲವಂತೆ.

ಬೆಲ್ಜಿಯಮಿನವರು ಬಂದರೋ ಇಲ್ಲವೋ ತಿಳಿಯದು. ನಮ್ಮ ನೆರೆಯವರು ಐಂಡ್‌ಹೋವನ್ನಿನ ಮನೆಯನ್ನು ಮಾರಲಿಲ್ಲ. ಆ ವರ್ಷದ ನವೆಂಬರಿನಿಂದ ಮಾರ್ಚಿಯವರೆಗೆ ಹಾವೆಯಾದ ಹಳೆಯ ಊರಿನಲ್ಲಿ, ಇಗರ್ಜಿಯಿಂದ ಎರಡು ಓಣಿಯಾಚೆ, ಮಾಳಿಗೆಯ ಮೇಲಿನ ಮೂರು ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಯಜಮಾನರು ದಿನವೂ ಸಂತೆಗೆ ನಡೆದು ಹೋಗುವರಂತೆ. ವಾರಕ್ಕೆರಡು ದಿನ ಇಬ್ಬರೂ ಸ್ಪ್ಯಾನಿಷ್ ಪಾಠಕ್ಕೆ ಕೂಡುವರಂತೆ. ಹೊರಡುವ ಮುಂಚೆ ಆ ತಾಯಿ ನಮ್ಮ ಮನೆಯವರಿಂದ ಅಕ್ಕಿಯ ಸಂಡಿಗೆ ಮಾಡುವ ಕ್ರಮವನ್ನು ಬರೆಯಿಸಿಕೊಂಡು ಹೋಗಿದ್ದರು. ಮಾಳಿಗೆಯ ಬಿಸಿಲಿಗೆ ಹಾಕಿದ್ದರಲ್ಲಿ ಅರ್ಧವನ್ನು ಕಡಲಹಕ್ಕಿಗಳು ಒಯ್ದವೆಂದೂ, ಉಳಿದರ್ಧ ಚೆನ್ನಾಗಿ ಅರಳಿತೆಂದೂ ಮಗಳಿಗೆ ಬರೆದಿದ್ದಾರೆ.